ಪಿಂಚಣಿಗೆ ಯಾವ ರಾಜ್ಯ ಎಷ್ಟು ಬಿಡುತ್ತದೆ: ಅಣ್ಣನಿಗೊಂದು ಪತ್ರ

ರಾಲಿ, ನಾರ್ತ್ ಕ್ಯಾರೊಲಿನಾ
ಜನವರಿ 2026

ಪ್ರೀತಿಯ ಅಣ್ಣನಿಗೂ ಅತ್ತಿಗೆಗೂ ನಮಸ್ಕಾರಗಳು.

ಮೈಸೂರಿನಿಂದ ಅಮೆರಿಕಕ್ಕೆ ವಾಪಸ್ ಬಂದರೆ ಯಾವ ರಾಜ್ಯದಲ್ಲಿ ನೆಲೆಸುವುದು ಎಂದು ಯೋಚಿಸುತ್ತಾ, ನಾರ್ತ್ ಕ್ಯಾರೊಲಿನಾದಲ್ಲಿ ಸರ್ಕಾರಿ ಪಿಂಚಣಿಗೆ ತೆರಿಗೆಯೇ ಇಲ್ಲವಂತೆ, ಹೌದಾ ಅಂತ ಕೇಳಿದ್ದೀಯ. ಹಾಗೆ ಹೇಳಿದವರು ಸುಳ್ಳು ಹೇಳಿಲ್ಲ. ಅವರ ಪಿಂಚಣಿಗೆ ಇಲ್ಲ, ನಿನ್ನದಕ್ಕೆ ಇದೆ. ಒಂದೇ ಇಲಾಖೆ, ಒಂದೇ ಹುದ್ದೆ, ಒಂದೇ ಮೊತ್ತದ ಪಿಂಚಣಿ ಇರುವ ಇಬ್ಬರಲ್ಲಿ ಒಬ್ಬರು ಇಲ್ಲಿ ಸೊನ್ನೆ ಕಟ್ಟುತ್ತಾರೆ, ಇನ್ನೊಬ್ಬರು ಪೂರ್ತಿ ಕಟ್ಟುತ್ತಾರೆ. ಎಲ್ಲವೂ ನಿಂತಿರುವುದು 1989ರ ಆಗಸ್ಟ್ 12ರ ಮೇಲೆ.

ಆ ವರ್ಷದ ಮಾರ್ಚ್‌ವರೆಗೆ ಹಲವು ರಾಜ್ಯಗಳು ತಮ್ಮ ನೌಕರರ ಪಿಂಚಣಿಯನ್ನು ತೆರಿಗೆಯಿಂದ ಬಿಟ್ಟು, ನಿನ್ನಂಥ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ನೌಕರರಿಗೆ ಮಾತ್ರ ಹಾಕುತ್ತಿದ್ದವು. ಮಿಷಿಗನ್ನಿನ ಡೇವಿಸ್ ಎಂಬ ನಿವೃತ್ತ ಫೆಡರಲ್ ನೌಕರ ಕೋರ್ಟಿಗೆ ಹೋದ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಸಮ ಮಾಡಲು ಎರಡು ದಾರಿ: ಇಬ್ಬರಿಗೂ ಬಿಡುವುದು, ಇಲ್ಲವೇ ಇಬ್ಬರಿಗೂ ಹಾಕುವುದು. ನಾರ್ತ್ ಕ್ಯಾರೊಲಿನಾ ಎರಡನೆಯದನ್ನು ಹಿಡಿಯಿತು. ಆಗ ಅದರ ಸ್ವಂತ ನೌಕರರೇ ತಿರುಗಿಬಿದ್ದರು. ಸೇವೆಗೆ ಸೇರುವಾಗ ಕೊಟ್ಟ ಮಾತನ್ನು ಮಧ್ಯದಲ್ಲಿ ಮುರಿಯುವ ಹಾಗಿಲ್ಲ ಎಂಬುದು ಅವರ ವಾದ. 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅದೇ ಬೈಲಿ ತೀರ್ಪು. 1989ರ ಆಗಸ್ಟ್ 12ಕ್ಕೆ ಐದು ವರ್ಷ ಸೇವೆ ಮುಗಿಸಿದ್ದ ರಾಜ್ಯ, ಸ್ಥಳೀಯ ಮತ್ತು ಫೆಡರಲ್ ನೌಕರರ ಪಿಂಚಣಿಗೆ ಇಲ್ಲಿ ಪೂರ್ತಿ ವಿನಾಯಿತಿ. ಅಂದರೆ 1984ರ ಆಗಸ್ಟ್ ಹೊತ್ತಿಗಾದರೂ ಕೆಲಸದಲ್ಲಿ ಇದ್ದಿರಬೇಕು. ನೀನು ಸೇರಿದ್ದು 1991ರಲ್ಲಿ. ಇದನ್ನು ಇಲ್ಲಿಗೇ ಬಿಡು, ಯಾವ ಲೆಕ್ಕಿಗನೂ ಇದನ್ನು ಸರಿಮಾಡಲಾರ.

ಅತ್ತಿಗೆಯವರದು ಬೇರೆ ಜಾತಿಯ ಪಿಂಚಣಿ. ವರ್ಜೀನಿಯಾ ಶಾಲೆಯದು, ರಾಜ್ಯದ ನಿವೃತ್ತಿ ನಿಧಿಯಿಂದ ಬರುವುದು. ಬೈಲಿ ವಿನಾಯಿತಿಯಲ್ಲಿ ಇನ್ನೊಂದು ರಾಜ್ಯದ ಪಿಂಚಣಿ ಸೇರುವುದೇ ಇಲ್ಲ, ಹಾಗಾಗಿ ಅವರು ಎಂದು ಸೇರಿದರು ಎಂಬ ಪ್ರಶ್ನೆಯೇ ಏಳದು. ಒಂದು ಸಮಾಧಾನ: ನೀವು ವರ್ಜೀನಿಯಾ ಬಿಟ್ಟ ಮೇಲೆ ವರ್ಜೀನಿಯಾ ಆ ಪಿಂಚಣಿಯನ್ನು ಮುಟ್ಟುವ ಹಾಗಿಲ್ಲ. ಬೇರೆ ಕಡೆ ನೆಲೆಸಿದವರ ನಿವೃತ್ತಿ ವರಮಾನಕ್ಕೆ ಹಳೆಯ ರಾಜ್ಯ ತೆರಿಗೆ ಹಾಕಬಾರದೆಂದು 1996ರಲ್ಲೇ ಫೆಡರಲ್ ಕಾನೂನು ಬಂದಿದೆ. ದುಡಿದದ್ದು ಎಲ್ಲಿ ಎಂಬುದು ಲೆಕ್ಕಕ್ಕಿಲ್ಲ, ನೆಲೆ ಎಲ್ಲಿ ಎಂಬುದೇ ಲೆಕ್ಕ.

ಆದರೆ ಮೈಸೂರಿಗೆ ಹೋಗಿ ಕೂತ ಮಾತ್ರಕ್ಕೆ ವರ್ಜೀನಿಯಾ ಬಿಟ್ಟಂತೆ ಆಗಲಿಲ್ಲ. ಇನ್ನೊಂದು ಕಡೆ ಕಾಯಂ ನೆಲೆ ಮಾಡಿಕೊಳ್ಳುವವರೆಗೆ ಹಳೆಯದೇ ನಡೆಯುತ್ತದೆ. ಅಲ್ಲಿನ ಡ್ರೈವಿಂಗ್ ಲೈಸೆನ್ಸ್, ಅಲ್ಲಿನ ಮತದಾರರ ಪಟ್ಟಿ, ವಾಪಸ್ ಹೋಗುತ್ತೇವೆಂಬ ನಿಮ್ಮದೇ ಮಾತು ಎಲ್ಲವೂ ಅದನ್ನೇ ಹೇಳುತ್ತವೆ. ಆದ್ದರಿಂದ 2025ಕ್ಕೆ ವರ್ಜೀನಿಯಾ ರಿಟರ್ನ್ ಹಾಕಲೇಬೇಕು. ಅಲ್ಲಿ ಗಡುವು ಮೇ 1, ಏಪ್ರಿಲ್ 15 ಅಲ್ಲ. ಭಾರತದ ಕಡೆ ನಿನ್ನ ಪಿಂಚಣಿಗೆ ಭಯವಿಲ್ಲ. 1989ರ ಭಾರತ–ಅಮೆರಿಕ ಒಪ್ಪಂದದ 19ನೇ ವಿಧಿಯ ಪ್ರಕಾರ ಸರ್ಕಾರಿ ಸೇವೆಯ ಪಿಂಚಣಿಗೆ ಅದನ್ನು ಕೊಡುವ ದೇಶವೇ ತೆರಿಗೆ ಹಾಕಬೇಕು. ಪಡೆಯುವವರು ಭಾರತದ ನಿವಾಸಿಯೂ ಪ್ರಜೆಯೂ ಆಗಿದ್ದರೆ ಮಾತ್ರ ಅದು ಭಾರತಕ್ಕೆ ಹೋಗುತ್ತದೆ. ನಿಮ್ಮಿಬ್ಬರದೂ ಅಮೆರಿಕದ ಪೌರತ್ವ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದ ಮಾತ್ರಕ್ಕೆ ಭಾರತದ ಪ್ರಜೆ ಆಗುವುದಿಲ್ಲ.

ಈಗ ಅಂಕಿಗೆ ಬರೋಣ. ನೀನು ಕಳಿಸಿದ ಕಾಗದದ ಪ್ರಕಾರ ನಿನ್ನ ಪಿಂಚಣಿ ವರ್ಷಕ್ಕೆ 48,000 ಡಾಲರ್, ಟಿಎಸ್‌ಪಿಯಿಂದ (ಫೆಡರಲ್ ನೌಕರರ ನಿವೃತ್ತಿ ಉಳಿತಾಯ ಖಾತೆ) ತೆಗೆಯುವುದು 24,000, ಅತ್ತಿಗೆಯವರದು 26,000. ಸೋಷಿಯಲ್ ಸೆಕ್ಯುರಿಟಿಯನ್ನು (ಕೇಂದ್ರ ಸರ್ಕಾರದ ಸಾಮಾಜಿಕ ಭದ್ರತೆಯ ಹಣ) ಈ ಲೆಕ್ಕದಿಂದ ಹೊರಗಿಡು, ನಾನು ಲೆಕ್ಕ ಹಾಕುವ ನಾರ್ತ್ ಕ್ಯಾರೊಲಿನಾ, ವರ್ಜೀನಿಯಾ, ಜಾರ್ಜಿಯಾ ಮೂರೂ ಅದನ್ನು ಮುಟ್ಟುವುದಿಲ್ಲ.

ಮೊದಲು 48,000ವನ್ನೇ ಸರಿಮಾಡಬೇಕು. ನಿನ್ನ ಪಿಂಚಣಿ ಕೊಡುವ ಫೆಡರಲ್ ಕಚೇರಿ ಓಪಿಎಂ ಕಳಿಸುವ ಸಿಎಸ್‌ಎ 1099-ಆರ್ (ವರ್ಷದ ಪಿಂಚಣಿ ಲೆಕ್ಕದ ಫಾರ್ಮ್) ತೆಗೆದು ನೋಡು. ತೆರಿಗೆಗೆ ಒಳಪಡುವ ಮೊತ್ತ ಇರಬೇಕಾದ 2ಎ ಚೌಕದಲ್ಲಿ ನಿನಗೆ ‘ಗೊತ್ತಿಲ್ಲ’ ಎಂದು ಅಚ್ಚಾಗಿದೆ. ಅಲ್ಲಿ ಎಡವುವವರೇ ಹೆಚ್ಚು. ಸಾಫ್ಟ್‌ವೇರ್ ಕೇಳಿತೆಂದು ಚೌಕ 1ರ ಪೂರ್ತಿ ಮೊತ್ತವನ್ನೇ ತುಂಬಿಬಿಡುತ್ತಾರೆ. 30 ವರ್ಷ ನಿನ್ನ ಸಂಬಳದಿಂದ ಹಿಡಿದ ವಂತಿಗೆಗೆ ಆಗಲೇ ತೆರಿಗೆ ಕಟ್ಟಿದ್ದೀಯ, ಅದು ತೆರಿಗೆಯಿಲ್ಲದೆ ಸ್ವಲ್ಪಸ್ವಲ್ಪವಾಗಿ ವಾಪಸ್ ಬರಬೇಕು. 9ಬಿ ಚೌಕದಲ್ಲಿ ಆ ಒಟ್ಟು ಮೊತ್ತವಿದೆ: 31,200. ಪಿಂಚಣಿ ಶುರುವಾದ ದಿನ ನಿನಗೆ 67, ಅತ್ತಿಗೆಗೆ 65, ಕೂಡಿದರೆ 132. ನಿನ್ನ ನಂತರ ಅತ್ತಿಗೆಗೂ ಮುಂದುವರಿಯುವಂಥ ಪಿಂಚಣಿಯಲ್ಲಿ ಇಬ್ಬರ ವಯಸ್ಸು ಕೂಡಿ 131ರಿಂದ 140 ಇದ್ದರೆ ಭಾಜಕ 260 ತಿಂಗಳು. 31,200ವನ್ನು 260ರಿಂದ ಭಾಗಿಸಿದರೆ ತಿಂಗಳಿಗೆ 120, ವರ್ಷಕ್ಕೆ 1,440. ತೆರಿಗೆಗೆ ಬರುವುದು 46,560. ಇಂದಿನ ವಯಸ್ಸು ಹಾಕಬೇಡ, ಶುರುವಾದ ದಿನದ್ದೇ ಹಾಕಬೇಕು. ತಿಂಗಳಿಗೆ 120 ಎಂಬ ಈ ಅಂಕಿ ವಂತಿಗೆ ಪೂರ್ತಿ ವಾಪಸ್ ಬರುವವರೆಗೆ ಬದಲಾಗುವುದಿಲ್ಲ, ಡೈರಿಯಲ್ಲಿ ಬರೆದಿಡು. ರಾಜ್ಯದ ವಿನಾಯಿತಿ ಕೇಳುವಾಗಲೂ ಈ 46,560ನ್ನೇ ಕಳೆಯಬೇಕು. ಫೆಡರಲ್ ರಿಟರ್ನಿನಲ್ಲಿ ತೋರಿಸದ ಹಣವನ್ನು ರಾಜ್ಯದ ರಿಟರ್ನಿನಲ್ಲಿ ಕಳೆದರೆ ನೋಟಿಸ್ ಬರುತ್ತದೆ.

ನಾರ್ತ್ ಕ್ಯಾರೊಲಿನಾದಲ್ಲಿ: 46,560, 24,000, 26,000 ಕೂಡಿದರೆ 96,560. ಗಂಡಹೆಂಡತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 25,500 ಕಳೆದರೆ ಉಳಿಯುವುದು 71,060. 2025ರ 4.25% ದರದಲ್ಲಿ ತೆರಿಗೆ 3,020 ಡಾಲರ್. 2026ರಿಂದ ದರ 3.99%, ಆಗ 2,835.

ವರ್ಜೀನಿಯಾದಲ್ಲೇ ಉಳಿದರೆ 65 ದಾಟಿದವರಿಗೆ ತಲಾ 12,000 ಕಡಿತವಿದೆ ಎಂದು ಎಲ್ಲರೂ ಹೇಳುತ್ತಾರೆ, ಮುಂದಿನ ಸಾಲನ್ನು ಹೇಳುವುದಿಲ್ಲ. ದಂಪತಿಯ ವರಮಾನ 75,000 ದಾಟಿದರೆ, ದಾಟಿದ ಒಂದೊಂದು ಡಾಲರಿಗೂ ಒಂದು ಡಾಲರ್ ಕಡಿತ ಹೋಗುತ್ತದೆ. ನಿಮ್ಮದು 21,560 ದಾಟುತ್ತದೆ. 24,000ದಲ್ಲಿ ಉಳಿಯುವುದು 2,440. ನನ್ನ ಮಟ್ಟಿಗೆ ಇದು ಇದ್ದೂ ಇಲ್ಲದ ವಿನಾಯಿತಿ.

ಜಾರ್ಜಿಯಾ ಹಾಗಲ್ಲ. ಯಾವ ಸರ್ಕಾರ ಕೊಟ್ಟಿತು, ಯಾವಾಗ ಸೇರಿದೆ ಎಂದು ಅದು ಕೇಳುವುದೇ ಇಲ್ಲ, ವಯಸ್ಸು ಮಾತ್ರ ಕೇಳುತ್ತದೆ. 62ರಿಂದ 64ಕ್ಕೆ 35,000, 65 ಆದ ಮೇಲೆ ತಲಾ 65,000 ಡಾಲರ್ ನಿವೃತ್ತಿ ವರಮಾನ ತೆರಿಗೆಯಿಂದ ಹೊರಗೆ. ನಿನ್ನ 70,560ರಲ್ಲಿ 65,000 ಹೋಗಿ 5,560 ಉಳಿಯುತ್ತದೆ. ದಂಪತಿಗಿರುವ 24,000ದ ಸ್ಟ್ಯಾಂಡರ್ಡ್ ಡಿಡಕ್ಷನ್ನಿನಲ್ಲಿ ಅದೂ ಮುಳುಗುತ್ತದೆ. ಅತ್ತಿಗೆಯವರ 26,000 ಪೂರ್ತಿ ಹೊರಗೆ. ತೆರಿಗೆ ಸೊನ್ನೆ. ಅವರ ಪಾಲಿನಲ್ಲಿ ಮಿಕ್ಕ 39,000ವನ್ನು ನೀನು ಬಳಸಿಕೊಳ್ಳುವ ಹಾಗಿಲ್ಲ, ಅದು ಅವರದೇ. ಆದರೆ ಜಾರ್ಜಿಯಾದ ಪಟ್ಟಿಯಲ್ಲಿ ಪಿಂಚಣಿಯ ಜೊತೆ ಬಡ್ಡಿ, ಡಿವಿಡೆಂಡ್, ಬಾಡಿಗೆ, ಆಸ್ತಿ ಮಾರಿದ ಲಾಭ ಎಲ್ಲ ಸೇರಿವೆ. ಅತ್ತಿಗೆಯವರ ಹೆಸರಿನಲ್ಲಿರುವ ಮೈಸೂರಿನ ಎಫ್‌ಡಿ ಬಡ್ಡಿ, ಜಂಟಿ ಹೆಸರಿನ ಮನೆಯ ಬಾಡಿಗೆಯಲ್ಲಿ ಅವರ ಅರ್ಧ, ಅವರ ಪಾಲಿನೊಳಗೇ ಬರುತ್ತವೆ. ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಅವೂ ತೆರಿಗೆಗೆ ಸೇರುತ್ತವೆ. ಜಾರ್ಜಿಯಾದ ರಿಟರ್ನ್ ಆದ ಫಾರ್ಮ್ 500ರ ಶೆಡ್ಯೂಲ್ 1ರಲ್ಲಿ ಇಬ್ಬರ ಹುಟ್ಟಿದ ದಿನಾಂಕ ಬರೆದು ಕಾಲಂ ಕಾಲಂ ಆಗಿ ತುಂಬಬೇಕು. ಜಂಟಿ ವರಮಾನವನ್ನೆಲ್ಲ ಒಬ್ಬರ ಕಾಲಂಗೆ ಹಾಕಿ ಕೆಡಿಸಿಕೊಳ್ಳಬೇಡಿ. 73ಕ್ಕೆ, ಅಂದರೆ 2027ಕ್ಕೆ, ಟಿಎಸ್‌ಪಿಯಿಂದ ಕಡ್ಡಾಯವಾಗಿ ಇಷ್ಟು ತೆಗೆಯಲೇಬೇಕು ಎಂಬ ನಿಯಮ ನಿನಗೆ ತಗಲುತ್ತದೆ, ಆಗ ನಿನ್ನ ಕಾಲಂ ಮತ್ತೆ ನೋಡೋಣ.

ಟೆಕ್ಸಸ್, ಫ್ಲಾರಿಡಾದಲ್ಲಿ ವರಮಾನ ತೆರಿಗೆಯೇ ಇಲ್ಲ ನಿಜ. ಟೆಕ್ಸಸ್‌ನಲ್ಲಿ ಮನೆ ಕೊಂಡವರ ಆಸ್ತಿ ತೆರಿಗೆ ಚೀಟಿ ಒಮ್ಮೆ ನೋಡು, ಆಮೇಲೆ ಮಾತಾಡು.

ನಮ್ಮ ಕಿರಣನದು ಅಮೆರಿಕದ ಸೇನೆಯ ಪಿಂಚಣಿ, ಅದಕ್ಕೆ ಬೇರೆ ದಾರಿ. 2021ರಿಂದ ನಾರ್ತ್ ಕ್ಯಾರೊಲಿನಾದಲ್ಲಿ ಕನಿಷ್ಠ 20 ವರ್ಷ ಸೇವೆ ಮಾಡಿದವರಿಗೆ, ಅಥವಾ ವೈದ್ಯಕೀಯ ಕಾರಣಕ್ಕೆ ನಿವೃತ್ತರಾದವರಿಗೆ, ಸೇನಾ ಪಿಂಚಣಿ ಪೂರ್ತಿ ಬಿಟ್ಟಿದ್ದಾರೆ. ಅವನದು 20 ತುಂಬಿದೆ. ಇಲ್ಲಿನ ರಿಟರ್ನ್ ಆದ ಡಿ-400ರ ಜೊತೆ ಶೆಡ್ಯೂಲ್ ಎಸ್ ಲಗತ್ತಿಸಿ ಅಲ್ಲಿ ಕಳೆಯಬೇಕು, ತಾನಾಗಿ ಯಾರೂ ಕಳೆದುಕೊಡುವುದಿಲ್ಲ. ಬೈಲಿಯ ಸಾಲು ಬೇರೆ, ಸೇನೆಯ ಸಾಲು ಬೇರೆ. 20 ತುಂಬುವ ಮುಂಚೆ ಬಿಡುವಾಗ ಒಂದೇ ಗಂಟಾಗಿ ಕೊಡುವ ಹಣಕ್ಕೆ ಇದು ಸಲ್ಲದು. ವರ್ಜೀನಿಯಾದಲ್ಲಿ ಸೇನಾ ಪಿಂಚಣಿಗೆ 40,000ದವರೆಗೆ ಬಿಡುತ್ತಾರೆ, ಈಗ ವಯಸ್ಸಿನ ಮಿತಿಯೂ ಇಲ್ಲ. ಕ್ಯಾಲಿಫೋರ್ನಿಯಾ 2025ರಲ್ಲಿ ಮೊದಲ ಸಲ 20,000ದವರೆಗೆ ಬಿಟ್ಟಿದೆ, ಅದೂ ವರಮಾನದ ಮಿತಿ ಹಾಕಿ. ಸೈನಿಕರಿಗೆ ಬಿಟ್ಟು ನಿನ್ನಂಥವರಿಗೆ ಬಿಡದಿರುವುದು ಡೇವಿಸ್ ತೀರ್ಪಿಗೆ ವಿರುದ್ಧವಲ್ಲವೇ ಎಂದು ನೀನು ಕೇಳಬಹುದು. ಅಲ್ಲ. ರಾಜ್ಯ ತನ್ನ ನೌಕರರಿಗೆ ಕೊಟ್ಟು ಫೆಡರಲ್‌ನವರಿಗೆ ಕೊಡದಿದ್ದರೆ ತಪ್ಪು. ವೆಸ್ಟ್ ವರ್ಜೀನಿಯಾ ಹಾಗೆ ಮಾಡಿ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಇಲ್ಲಿ ಲಾಭ ಪಡೆಯುವವರೂ ಫೆಡರಲ್‌ನವರೇ.

ಕಿರಣನಿಗೆ ಇನ್ನೊಂದು ಮಾತು ಹೇಳು. ವಿಎ (ಮಾಜಿ ಸೈನಿಕರ ಇಲಾಖೆ) ಕೊಡುವ ಅಂಗವೈಕಲ್ಯ ಪರಿಹಾರ ಯಾವ ತೆರಿಗೆಗೂ ಸೇರದು, 1099-ಆರ್‌ನಲ್ಲೂ ಕಾಣದು. ಅವನಿಗೆ ಬಂದಿರುವ ಅಂಗವೈಕಲ್ಯದ ಪ್ರಮಾಣ 30%. 50%ಗಿಂತ ಕಡಿಮೆ ಇದ್ದಾಗ ಸಾಮಾನ್ಯವಾಗಿ ಆ ಪರಿಹಾರದಷ್ಟೇ ಪಿಂಚಣಿ ಕಡಿಮೆಯಾಗುತ್ತದೆ. ಬ್ಯಾಂಕಿಗೆ ಬಿದ್ದ ಎರಡನ್ನೂ ಕೂಡಿ ಪಿಂಚಣಿ ಎಂದು ಬರೆಯಬಾರದು.

ಕೊನೆಗೆ ಮುಂಗಡ ಕಡಿತ. ನೀನು ಹೇಳದಿದ್ದರೆ ಓಪಿಎಂ ರಾಜ್ಯದ ತೆರಿಗೆ ಹಿಡಿಯುವುದಿಲ್ಲ. ಅದರ ಆನ್‌ಲೈನ್ ಖಾತೆಯಲ್ಲಿ ರಾಜ್ಯ ಆರಿಸಿ ತಿಂಗಳಿಗೆ ಇಷ್ಟು ಡಾಲರ್ ಎಂದು ನಮೂದಿಸಬೇಕು. ಟಿಎಸ್‌ಪಿಯವರು ಹೇಳಿದರೂ ರಾಜ್ಯದ ತೆರಿಗೆ ಹಿಡಿಯುವುದಿಲ್ಲ. ಆದ್ದರಿಂದ ಇಲ್ಲಿಗೆ ಬಂದರೆ ಮೂರೂ ವರಮಾನಕ್ಕೆ ಸೇರಿಸಿ ಓಪಿಎಂನಲ್ಲೇ ತಿಂಗಳಿಗೆ 240 ಹಿಡಿಸು. ಇಲ್ಲದಿದ್ದರೆ ವರ್ಷದ ಕೊನೆಗೆ 1,000ಕ್ಕಿಂತ ಹೆಚ್ಚು ಬಾಕಿ ನಿಂತು ಬಡ್ಡಿ ಬೀಳುತ್ತದೆ. ರಾಜ್ಯ ಬದಲಿಸಿದ ತಿಂಗಳೇ ವರ್ಜೀನಿಯಾದ ಕಡಿತ ನಿಲ್ಲಿಸುವುದನ್ನು ಮರೆಯಬೇಡ. ಬಹಳ ಜನ ವಿಳಾಸ ಬದಲಿಸಿದರೆ ಸಾಕೆಂದು ಸುಮ್ಮನಾಗುತ್ತಾರೆ, ಹಳೆಯ ರಾಜ್ಯಕ್ಕೆ ಹಣ ಹೋಗುತ್ತಲೇ ಇರುತ್ತದೆ.

ಮನೆ ನೋಡುವ ಮುಂಚೆ ಮೂರು ಕಾಗದ ಸ್ಕ್ಯಾನ್ ಮಾಡಿ ಕಳಿಸು: 2025ರ ಸಿಎಸ್‌ಎ 1099-ಆರ್, ಅತ್ತಿಗೆಯವರ 1099-ಆರ್, ಮೈಸೂರಿನ ಎಫ್‌ಡಿಗಳು ಯಾರ ಯಾರ ಹೆಸರಿನಲ್ಲಿವೆ ಎಂಬ ಪಟ್ಟಿ. ಅತ್ತಿಗೆಯವರೂ ಪಿಂಚಣಿಗೆ ಸ್ವಂತ ವಂತಿಗೆ ಕೊಟ್ಟಿರಬಹುದು, ಹಾಗಿದ್ದರೆ ಅವರ 26,000ದಿಂದಲೂ ಒಂದಿಷ್ಟು ಇಳಿಯುತ್ತದೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ತಮ್ಮ