ಎಂಜಿಬಿಯೋ ಸ್ವಿಫ್ಟೋ: ವಾದಕ್ಕೆ ಮುಂಚೆ ಸ್ವಲ್ಪ ಲೆಕ್ಕ

ಗೆಳೆಯರೇ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಮುಂದೆ ಮಾರುತಿ ಸ್ವಿಫ್ಟ್ ಏನೂ ಅಲ್ಲ ಎನ್ನುವ ವಾದ ನಮ್ಮ ಕಾರು ಗುಂಪಿನಲ್ಲಿ ಜೋರಾಗಿದೆ. ಲೆಕ್ಕ ಇಟ್ಟುಕೊಂಡು ಮಾತಾಡೋಣ.

1962ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಬಂದ ಎಂಜಿಬಿಗೆ 1798 ಸಿಸಿ ಎಂಜಿನ್, ಸುಮಾರು 95 ಅಶ್ವಶಕ್ತಿ. 2024ರ ಸ್ವಿಫ್ಟ್‌ಗೆ 1197 ಸಿಸಿ, ಮೂರೇ ಸಿಲಿಂಡರ್, ಸುಮಾರು 80. ತೂಕ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಮೈಲೇಜು, ಆರು ಏರ್‌ಬ್ಯಾಗ್, ಎಬಿಎಸ್ ಅಂತ ಹೊರಟರೆ ಸ್ವಿಫ್ಟ್ ಗೆದ್ದ ಹಾಗೇ.

ಎಂಜಿಬಿ ಓಡಿಸುವುದೇ ಬೇರೆ ಕೆಲಸ. ಶುರುವಿನ ಮಾಡೆಲ್‌ಗಳ ಫಸ್ಟ್ ಗೇರಿಗೆ ಸಿಂಕ್ರೋಮೆಶ್ (ಗೇರ್ ಹಾಕುವಾಗ ಹಲ್ಲುಗಳ ವೇಗ ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ. ಗಾಡಿ ಉರುಳುತ್ತಿರುವಾಗ ಸುಮ್ನೆ ಫಸ್ಟ್‌ಗೆ ತಳ್ಳಿದರೆ ಕರ್ರ್ ಎನ್ನುತ್ತದೆ. ಕ್ಲಚ್ ಎರಡು ಸಲ ಒತ್ತಿ, ನಡುವೆ ಒಂಚೂರು ಆಕ್ಸಿಲರೇಟರ್ ಕೊಟ್ಟು ಹಾಕಬೇಕು. ಅದರ ಜೊತೆಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬೇರೆ. ಅವುಗಳ ತಲೆಯ ಮುಚ್ಚಳ ಬಿಚ್ಚಿ ಆಗಾಗ ಎಣ್ಣೆ ಹಾಕದಿದ್ದರೆ ಪಿಕಪ್ ತಡವರಿಸುತ್ತದೆ. ಇದೇ ಖುಷಿ ಎನ್ನುವವರಿಗೆ ಮಾತ್ರ ಆ ಗಾಡಿ. ದಿನಾ ಆಫೀಸಿಗೆ ಹೋಗಲು ಯಾಕೆ ಆ ಪಾಡು, ಅಲ್ವಾ?

ಇನ್ನು ಮುಂದೆ ಹೋಲಿಕೆ ಹಾಕುವಾಗ ಮಾಡೆಲ್ ವರ್ಷ, ಸಿಸಿ, ತೂಕ ಬರೆಯಿರಿ. ಬರೀ 'ನಮ್ಮದೇ ಬೆಸ್ಟ್' ಎನ್ನುವ ಸಂದೇಶಗಳನ್ನು ಅಡ್ಮಿನ್ ಅಳಿಸುತ್ತಾರೆ.