ಸೆರೆ, ಕೈದು, ಕಾರಾಗೃಹ

ಊರಿನ ಪತ್ರಿಕೆಯಲ್ಲಿ ‘ಚಿರತೆ ಸೆರೆ’ ಎಂಬ ತಲೆಬರಹ ಆಗಾಗ ಕಾಣುತ್ತದೆ. ಚಿರತೆಯನ್ನು ಯಾರೂ ಜೈಲಿಗೆ ಹಾಕಿರುವುದಿಲ್ಲ, ಬೋನಿಗೆ ಬಿದ್ದಿರುತ್ತದೆ ಅಷ್ಟೆ. ಸೆರೆ ಎಂದರೆ ಮೊದಲು ಹಿಡಿತ. ಹಿಡಿದದ್ದನ್ನು ಇಡುವ ಜಾಗ ಸೆರೆಮನೆ. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಮದಕರಿನಾಯಕನನ್ನು ಸೆರೆಹಿಡಿದ, ಸೆರೆಯಲ್ಲಿಟ್ಟದ್ದು ಶ್ರೀರಂಗಪಟ್ಟಣದಲ್ಲಿ. ಹಳಗನ್ನಡದಲ್ಲಿ ಸೆಱೆ, ತಮಿಳಿನಲ್ಲಿ ಸಿಱೈ, ತೆಲುಗಿನಲ್ಲಿ ಚೆಱ: ಅಚ್ಚ ದ್ರಾವಿಡ ಪದ. ಇಂಗ್ಲಿಷಿನ ‘ಪ್ರಿಸನ್’ ಕೂಡ ಲ್ಯಾಟಿನ್ನಿನ ‘ಹಿಡಿಯುವಿಕೆ’ಯಿಂದಲೇ ಬಂದದ್ದು, ‘ಜೈಲ್’ ಹುಟ್ಟಿದ್ದು ‘ಪುಟ್ಟ ಪಂಜರ’ದಿಂದ. (ದಾವಣಗೆರೆ ಕಡೆ ಸೆರೆ ಅಂಗಡಿ ಎಂದರೆ ಹೆಂಡದಂಗಡಿ. ಆ ಸೆರೆಯೇ ಬೇರೆ!)

ಉಳಿದವು ಹೊರಗಿನಿಂದ ಬಂದವು. ಕೈದು, ಕೈದಿ ಅರಬ್ಬಿ, ಸಜೆ ಪಾರ್ಸಿ. ಹರಿಹರದ ಹೊಳೆ ದಾಟಿ ಉತ್ತರಕ್ಕೆ ಹೋದರೆ ಹಿರಿಯರ ಬಾಯಲ್ಲಿ ‘ತುರಂಗ’ ಎಂಬುದೂ ಉಂಟು. ಅದು ಸಂಸ್ಕೃತದ ಕುದುರೆಯಲ್ಲ, ಮರಾಠಿಯ ತುರುಂಗ.

ನಮ್ಮ ಪತ್ರಿಕೆಗೆ ಲೇಖನ ಕಳಿಸುವವರು ಎಡವುವುದು ಮುಖ್ಯವಾಗಿ ಕಾಗುಣಿತದಲ್ಲಿ. ‘ಕಾರಾಗ್ರಹ’ ತಪ್ಪು, ಗ್ರಹವೆಂದರೆ ಶನಿ, ಮಂಗಳ. ಕಾರಾ ಎಂದರೇ ಸೆರೆ, ಗೃಹ ಸೇರಿ ಕಾರಾಗೃಹ. ಬಂಧನ, ಬಂಧಿತ ಮಹಾಪ್ರಾಣ. ಬಂದಿ, ಬಂದೀಖಾನೆ ಅಲ್ಪಪ್ರಾಣ. ಸರ್ಕಾರಿ ಕಚೇರಿಗಳಲ್ಲೇ ‘ಬಂಧೀಖಾನೆ’ ಎಂದು ಬರೆದದ್ದುಂಟು, ಅದನ್ನು ನೋಡಿ ತಿದ್ದಿಕೊಳ್ಳಬೇಡಿ.

ಅದಕ್ಕಿಂತ ದೊಡ್ಡ ತಪ್ಪು, ಪೊಲೀಸರು ಹಿಡಿದ ಕೂಡಲೇ ‘ಜೈಲುಪಾಲು’ ಎಂದು ಬರೆಯುವುದು. ಹಿಡಿದವರನ್ನು ಮೊದಲು ಇಡುವುದು ಠಾಣೆಯ ಲಾಕಪ್ಪಿನಲ್ಲಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯೇ ಹಾಗೆ ಹೇಳುತ್ತದೆ. ಅವರು ‘ನ್ಯಾಯಾಂಗ ಬಂಧನ’ಕ್ಕೆ ಒಪ್ಪಿಸಿದ ಮೇಲೆಯೇ ಜೈಲು. ಅಲ್ಲಿಯೂ ಆ ವ್ಯಕ್ತಿ ವಿಚಾರಣಾಧೀನ ಕೈದಿ, ಅಪರಾಧಿಯಲ್ಲ. ತೀರ್ಪಿನಲ್ಲಿ ಶಿಕ್ಷೆಯಾದರೆ ಮಾತ್ರ ಸಜಾಬಂದಿ. ‘ಆರೋಪಿ’ ಎಂದು ಬರೆಯಬೇಕಾದಲ್ಲಿ ‘ಅಪರಾಧಿ’ ಎಂದರೆ ಮಾನನಷ್ಟ ಮೊಕದ್ದಮೆ ಸಂಪಾದಕರ ತಲೆಗೂ ಬರುತ್ತದೆ.

ಸಜೆಯಲ್ಲೂ ಎರಡು ಬಗೆ. ಸಾದಾ ಸಜೆಯಲ್ಲಿ ದುಡಿಮೆಯ ಕಡ್ಡಾಯವಿಲ್ಲ, ಕಠಿಣ ಸಜೆಯಲ್ಲಿ ಇದೆ. ಇನ್ನು ಜೀವಾವಧಿ ಎಂದರೆ 14 ವರ್ಷ ಎಂಬ ನಂಬಿಕೆ ಎಲ್ಲೆಡೆ ಇದೆ. ಕಾನೂನಿನ ಪ್ರಕಾರ ಅದು ಉಳಿದ ಆಯುಷ್ಯವಿಡೀ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿಯಾಗಿದ್ದರೆ, ಸರ್ಕಾರ ಶಿಕ್ಷೆ ಕಡಿತ ಮಾಡಿ ಬಿಡುವುದಕ್ಕೂ ಮೊದಲು ಕನಿಷ್ಠ 14 ವರ್ಷ ಒಳಗಿರಲೇಬೇಕು. ಆ 14 ಅರ್ಜಿ ಪರಿಶೀಲನೆಯ ಹೊಸ್ತಿಲು, ಬಿಡುಗಡೆಯ ದಿನಾಂಕವಲ್ಲ.