ಚಿಲಕ ಹಾಕಿ ಮಲಗಬೇಡ ಮಾಣಿ

ಬ್ರಹ್ಮಾವರ
6 ಜೂನ್ 2021

ಪ್ರೀತಿಯ ಮಾಣಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೋವಿಡ್ ವಾರ್ಡು, ಡಾಕ್ಟರಿಕೆಯ ಮುಂದಿನ ಓದಿಗೆ ಬರೆಯಬೇಕಿದ್ದು ಮುಂದಕ್ಕೆ ಹೋದ ನೀಟ್ ಪಿಜಿ ಪರೀಕ್ಷೆ, ಮೆಸ್ಸಿನ ಸಾರು ಎಲ್ಲವನ್ನೂ ಬರೆದು, ಕೊನೆಗೆ ಏನೂ ಅಲ್ಲವೆಂಬಂತೆ ಒಂದು ಸಾಲು ಸೇರಿಸಿದ್ದೀಯ. ಎರಡು ಪೆಗ್ಗಿಗೂ ನಿದ್ದೆ ಬಾರದಿದ್ದರೆ ಆತಂಕ ಇಳಿಸಿ ನಿದ್ದೆ ಬರಿಸುವ ಅಲ್ಪ್ರಜೋಲಮ್ ಮಾತ್ರೆ ಒಂದು ನುಂಗಿ, ಬಾಗಿಲಿಗೆ ಚಿಲಕ ಹಾಕಿ ಮಲಗುತ್ತೇನೆ ಎಂದು. ಆ ಸಾಲು ಓದಿದ ಮೇಲೆ ನಿನ್ನ ಪತ್ರದ ಉಳಿದ ಸುದ್ದಿ ಯಾವುದೂ ನನ್ನ ತಲೆಯಲ್ಲಿ ನಿಂತಿಲ್ಲ.

ಕುಡಿದ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರು ಏನೆನ್ನುತ್ತಾರೆ ಎಂಬುದು ನಿನಗೆ ಗೊತ್ತೇ ಇದೆ, ನಾನು ಅದನ್ನು ಎತ್ತುವುದಿಲ್ಲ. ನನಗೆ ಹೆದರಿಕೆಯಾಗಿರುವುದು ಆ ಮಾತ್ರೆ ಮದ್ಯದ ಜೊತೆ ಸೇರುವುದಕ್ಕೆ, ಆ ಹೊತ್ತಿನಲ್ಲಿ ಬಾಗಿಲು ಒಳಗಿನಿಂದ ಭದ್ರವಾಗಿರುವುದಕ್ಕೆ. ಎರಡೂ ಸೇರಿದರೆ ಉಸಿರು ಕುಗ್ಗುತ್ತದೆ ಎಂಬುದನ್ನು ನೀನು ಫಾರ್ಮಕಾಲಜಿಯಲ್ಲಿ ಓದಿ ಪರೀಕ್ಷೆ ಬರೆದವನು. ನಾನು ನರ್ಸಾಗಿ ರಾತ್ರಿ ಪಾಳಿಯಲ್ಲಿ ಕಣ್ಣಾರೆ ನೋಡಿದವಳು. ಗೊರಕೆ ಮೊದಲು ಜೋರಾಗಿರುತ್ತದೆ, ಮನೆಯವರು ಗಾಢ ನಿದ್ದೆಯೆಂದು ಸಮಾಧಾನದಿಂದ ಕೂತಿರುತ್ತಾರೆ. ಆಮೇಲೆ ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಬಿಡುವು ಹೆಚ್ಚುತ್ತಾ ಹೋಗುತ್ತದೆ. ಎದೆಯ ಮೇಲೆ ಅಂಗೈಯಿಟ್ಟು, ಗಡಿಯಾರ ನೋಡುತ್ತಾ ಎಣಿಸಿದ್ದೇನೆ ಮಾಣಿ. ತುಟಿಯ ಅಂಚು ನೀಲಿಗಟ್ಟುವುದು ಮಂದ ಬೆಳಕಿನಲ್ಲಿ ಬೇಗ ಕಾಣುವುದಿಲ್ಲ. ಅಂಗಾತ ಮಲಗಿದವನಿಗೆ ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಲು ಒಬ್ಬರು ಬೇಕು. ನಿನ್ನ ಕೋಣೆಯೊಳಗೆ ಯಾರಿದ್ದಾರೆ?

ನಿನ್ನ ಹಾಗೆಯೇ ಒಬ್ಬ ಹುಡುಗನಿದ್ದ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಯಾವ ಆಸ್ಪತ್ರೆ ಎಂದು ಹೇಳುವುದು ಬೇಡ. ಹೌಸ್ ಸರ್ಜನ್, ಎಂದರೆ ತರಬೇತಿಯಲ್ಲಿದ್ದ ಡಾಕ್ಟರು, ಮೃದು ಮಾತು, ಮಕ್ಕಳಿಗೆ ಸೂಜಿ ಚುಚ್ಚುವಾಗ ತಾನೇ ಕಣ್ಣು ಮುಚ್ಚುತ್ತಿದ್ದ. ಬೆಳಗಿನ ರೌಂಡಿಗೆ ಬರುವಾಗ ಏಲಕ್ಕಿ ಜಗಿಯುತ್ತಿದ್ದ, ಕೇಸ್‌ಶೀಟ್ ಬರೆಯುವಾಗ ಎಡಗೈಯಿಂದ ಬಲಗೈ ಒತ್ತಿ ಹಿಡಿಯುತ್ತಿದ್ದ. ವಾರ್ಡಿನಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೆ ಡಾಕ್ಟರನ್ನು ನರ್ಸು ಪ್ರಶ್ನಿಸುವ ಕಾಲ ಅದಾಗಿರಲಿಲ್ಲ. ಒಂದು ದಿನ ಅವನು ಬರಲಿಲ್ಲ. ಓದು ಬಿಟ್ಟು ಊರಿಗೆ ಹೋದನೆಂದು ಆಮೇಲೆ ಕೇಳಿದೆ. ಯಾರಾದರೂ ಒಬ್ಬರು ಅವನನ್ನು ಕೂರಿಸಿಕೊಂಡು ಮಾತನಾಡಿಸುವಂತಿದ್ದರೆ ಎಂಬ ಕೊರಗು ಇಂದಿಗೂ ಹೋಗಿಲ್ಲ. ನಿನ್ನನ್ನು ಕೇಳುವ ಹಕ್ಕು ನನಗಿದೆ, ಅದಕ್ಕೇ ಕೇಳುತ್ತಿದ್ದೇನೆ.

ನಿದ್ದೆಗಾಗಿ ಎನ್ನುತ್ತೀಯ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಎದೆ ಡವಗುಟ್ಟುತ್ತದೆ ಎಂದೂ ನೀನೇ ಬರೆದಿದ್ದೀಯ. ಮದ್ಯ ಕೊಡುವ ನಿದ್ದೆ ಅಂಥದ್ದೇ, ಮುಂಜಾವದ ಪಾಲನ್ನು ತಾನೇ ಕಿತ್ತುಕೊಳ್ಳುತ್ತದೆ. ಪಿಪಿಇ ತೊಟ್ಟು ಬೆವರಿನಲ್ಲಿ ಮುಳುಗಿ, ಸತ್ತವರ ಮನೆಗೆ ಫೋನ್ ಮಾಡಿ ತಿಳಿಸುವ ಕೆಲಸ ನಿಮ್ಮ ವಯಸ್ಸಿನವರ ಪಾಲಿಗೆ ಬಂದಿದೆ. ಅದನ್ನು ಹೊತ್ತುಕೊಂಡು ಕೋಣೆಗೆ ಬಂದವನಿಗೆ ನಿದ್ದೆ ಹತ್ತದಿರುವುದು ದೌರ್ಬಲ್ಯ ಎಂದು ನಾನು ಒಪ್ಪುವುದಿಲ್ಲ.

ಹಾಗೆಂದು ಎಲ್ಲವನ್ನೂ ಇವತ್ತೇ ಎಸೆದುಬಿಡು ಎನ್ನಲೂ ಧೈರ್ಯವಿಲ್ಲ. ಕಳೆದ ವರ್ಷದ ಲಾಕ್‌ಡೌನಿನಲ್ಲಿ ಮೇ 4ರಂದು ಮದ್ಯದಂಗಡಿ ತೆರೆಯುವವರೆಗೆ ಏನಾಯಿತೆಂದು ನೆನಪಿದೆಯಲ್ಲ. ನಮ್ಮ ಓಣಿಯಲ್ಲಿ ದಿನವೂ ಕುಡಿಯುತ್ತಿದ್ದ ಒಬ್ಬರಿಗೆ ಮೂರನೆಯ ದಿನ ಕೈನಡುಕ ವಿಪರೀತವಾಗಿ, ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದರು. ಮನೆಯವರು ದೈವದ ಉಪದ್ರವವೆಂದು ದರ್ಶನ ಕೇಳಿಸಲು ಹೊರಟಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿಸಿದ್ದು ನಾನು. ನಿನ್ನದು ಅಷ್ಟು ದೂರ ಹೋಗಿಲ್ಲ ಎಂದುಕೊಳ್ಳುತ್ತೇನೆ. ಆದರೆ ಎಷ್ಟು ತಿಂಗಳಾಯಿತೆಂದು ನೀನು ಬರೆದಿಲ್ಲ. ದಿನವೂ ತೆಗೆದುಕೊಂಡ ಅಲ್ಪ್ರಜೋಲಮ್ ಒಮ್ಮೆಗೇ ಬಿಟ್ಟರೂ ಫಿಟ್ಸ್ ಬರಬಹುದು, ಹಂತಹಂತವಾಗಿ ಇಳಿಸಬೇಕು. ಲೆಕ್ಕ ಹಾಕುವವರು ಸೈಕಿಯಾಟ್ರಿ ವಿಭಾಗದವರಾಗಿರಲಿ, ನೀನಲ್ಲ, ನಿನ್ನ ಗೆಳೆಯರೂ ಅಲ್ಲ.

ನಿನ್ನದೇ ಕಾಲೇಜಿನಲ್ಲಿ ನಾಚಿಕೆಯಾದರೆ ಬೇರೆಡೆ ಹೋಗು, ಮಂಗಳೂರಿನಿಂದ ಮಣಿಪಾಲದವರೆಗೆ ಡಾಕ್ಟರಿಗೆ ಬರಗಾಲವೇ? ಹೆಸರು ಹೊರಬೀಳುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಗಳಲ್ಲೇ ಸೇರಿಸಿದೆ, ರೋಗಿಯ ವಿಷಯ ಗುಟ್ಟಾಗಿಡಬೇಕೆಂದೂ ಹೇಳುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕೂಲಿಯವರು ಊರವರ ಮುಂದೆಯೇ ಕೂತು ಕುಡಿತ ಬಿಡುತ್ತೇವೆ ಎನ್ನುತ್ತಾರೆ. ಡಾಕ್ಟರಾಗುವವರಿಗೇ ಯಾಕೋ ಇಷ್ಟು ಸಂಕೋಚ, ನನಗೆ ಇದು ಬಹಳ ನೋವು ಕೊಡುವ ಸಂಗತಿ.

ಗಾಂಜಾ ಸೇದುವ ಗೆಳೆಯನ ವಿಷಯವನ್ನೂ ಬರೆದಿದ್ದೀಯ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯೂ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ಮೊಕದ್ದಮೆಯಿಂದ ರಕ್ಷಣೆ ಇದೆ. ಅವನಿಗೆ ಹೇಳು. ನಾನು ಹೇಳಿದೆನೆಂದು ಬೇಸರಿಸಬಾರದು ಅಷ್ಟೆ.

ಮತ್ತೆ ಬಾಗಿಲಿಗೇ ಬರುತ್ತೇನೆ, ಕ್ಷಮಿಸು. ಡಾಕ್ಟರನ್ನು ಕಾಣುವವರೆಗೆ ಕುಡಿದ ರಾತ್ರಿ ಮಾತ್ರೆ ಮುಟ್ಟುವುದಿಲ್ಲ ಎಂದು ಮಾತು ಕೊಡು. ಚಿಲಕ ಬೇಡ, ಬಾಗಿಲು ಮುಂದೆ ಮಾಡಿಟ್ಟರೆ ಸಾಕು. ಪಕ್ಕದ ಕೋಣೆಯ ಹುಡುಗನಿಗೆ ಒಂದು ಮಾತು ಹೇಳಿಟ್ಟಿರು. ಮಾತ್ರೆಯ ಸ್ಟ್ರಿಪ್ ಅವನ ಬಳಿಯೇ ಇರಲಿ.

ನಿನ್ನ ಅಮ್ಮನಿಗೆ ನಾನು ಏನೂ ಹೇಳಿಲ್ಲ. ಬುಧವಾರದೊಳಗೆ ಡಾಕ್ಟರ ಹತ್ತಿರ ಹೋಗಿದ್ದೇನೆಂದು ಫೋನ್ ಬಾರದಿದ್ದರೆ ಹೇಳುತ್ತೇನೆ, ನೀನು ಸಿಟ್ಟು ಮಾಡಿಕೊಂಡರೂ ಸರಿ.

ನಿನ್ನ
ದೊಡ್ಡಮ್ಮ